ಸೋಲಿನ ನಂತರ ಜಿಲ್ಲಾಧ್ಯಕ್ಷರ ಆಯ್ಕೆ: ಕೊಡಗಿನ ಕಾರ್ಯಕರ್ತರಿಗೆ

ಚುನಾವಣೆಯಲ್ಲಿ ಪಕ್ಷ ಸೋತ ವಾರದಲ್ಲೇ ಹೊಸ ಜಿಲ್ಲಾಧ್ಯಕ್ಷರ ಹೆಸರು ಘೋಷಿಸಲು ಹೊರಡಬೇಡಿ. ಹಳೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರೆ ಹಂಗಾಮಿ ಒಬ್ಬರನ್ನು ಕೂರಿಸಿ, ಅವರು ಆಕಾಂಕ್ಷಿಯಾಗುವಂತಿಲ್ಲ ಎಂದು ಅದೇ ಸಭೆಯ ನಡಾವಳಿಯಲ್ಲಿ ಬರೆಸಿ. ಈ ಒಂದು ಸಾಲು ಬಿಟ್ಟುಹೋದರೆ ಹಂಗಾಮಿಯೇ ಕಾಯಂ ಆಗಲು ಓಡಾಡುತ್ತಾರೆ, ಅರ್ಧ ಜಿಲ್ಲೆ ಮುನಿಸಿಕೊಳ್ಳುತ್ತದೆ.

ಮೊದಲು ಸೋಲನ್ನು ಬೂತ್‌ವಾರು ಓದಿ. ಚುನಾವಣಾ ಆಯೋಗದ ಅಂತಿಮ ಫಲಿತಾಂಶ ಪಟ್ಟಿಯಾದ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆಷ್ಟು ಬಿತ್ತು ಎಂಬುದು ಸಿಗುತ್ತದೆ. ಮಡಿಕೇರಿ, ವಿರಾಜಪೇಟೆ ಎರಡರದ್ದನ್ನೂ ಹಿಂದಿನ ಚುನಾವಣೆಯ ಪಟ್ಟಿಯ ಪಕ್ಕ ಇಟ್ಟು ನೋಡಿ. 2018ರಲ್ಲಿ ಬಿಜೆಪಿ ಗೆದ್ದಿದ್ದ ಈ ಎರಡೂ ಕ್ಷೇತ್ರಗಳು 2023ರಲ್ಲಿ ಕಾಂಗ್ರೆಸ್ ಪಾಲಾದವು. ಇಂಥ ಸೋಲಿಗೆ ‘ಅಲೆ’ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಸುಲಭ, ಆದರೆ ಮತ ಎಲ್ಲ ಕಡೆ ಒಂದೇ ಸಮ ಕುಸಿಯುವುದಿಲ್ಲ. ತೋಟದ ಕಾರ್ಮಿಕರ ಲೈನ್‌ಮನೆಗಳ ಬೂತ್, ಆದಿವಾಸಿಗಳ ಹಾಡಿಗಳ ಬೂತ್, ಪೇಟೆಯ ಬೂತ್ ಎಂದು ಬೇರೆಬೇರೆ ಗುರುತು ಹಾಕಿ. ಮತಗಟ್ಟೆ ಸಂಖ್ಯೆ ಬದಲಾಗಿರಬಹುದು, ಊರಿನ ಹೆಸರು ಹಿಡಿದೇ ಹೋಲಿಸಿ. ಲೋಕಸಭೆಯ ಸೋಲಾದರೆ ಇನ್ನೊಂದು ಮಾತು: ಮೈಸೂರು-ಕೊಡಗಿನ 8 ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು 2 ಮಾತ್ರ. ಪೂರ್ತಿ ಫಲಿತಾಂಶವನ್ನು ಕೊಡಗಿನ ಅಧ್ಯಕ್ಷರ ತಲೆಗೆ ಕಟ್ಟುವುದು ಅನ್ಯಾಯ.

ಹೆಚ್ಚಿನ ಜಗಳ ಹುಟ್ಟುವುದು ಅಧ್ಯಕ್ಷರ ಆಯ್ಕೆಗೆ ಮತ ಹಾಕುವವರ ಪಟ್ಟಿಯಲ್ಲಿ. ಫಲಿತಾಂಶದ ದಿನ ಪದಾಧಿಕಾರಿಗಳಾಗಿದ್ದವರಿಗೆ ಮಾತ್ರ ಹಕ್ಕು ಎಂದು ನಿಗದಿ ಮಾಡಿ, ನಂತರ ಸೇರಿಸಿದ ಹೆಸರುಗಳನ್ನು ತೆಗೆಯಿರಿ. ಐದೂ ತಾಲ್ಲೂಕು ಕಚೇರಿಗಳಲ್ಲಿ ಪಟ್ಟಿ ಅಂಟಿಸಿ, 7 ದಿನ ಆಕ್ಷೇಪಣೆಯನ್ನು ಲಿಖಿತವಾಗಿಯೇ ಪಡೆಯಿರಿ.

ಮೇ ತಿಂಗಳ ಫಲಿತಾಂಶವಾದರೆ ಆಯ್ಕೆಯ ಸಭೆಯನ್ನು ಜೋರು ಮಳೆಯ ತಿಂಗಳುಗಳಲ್ಲಿ ಇಡಬೇಡಿ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ಮುಂಚೆ ಇಟ್ಟುಕೊಳ್ಳಿ. ಕಾಫಿ ಕುಯ್ಲು ಶುರುವಾದರೆ ಅರ್ಧ ಜನ ಬರುವುದಿಲ್ಲ. ಜಿಲ್ಲೆಯ ಎರಡು ತುದಿಗಳಾದ ಕುಟ್ಟದವರೂ ಕೊಡ್ಲಿಪೇಟೆಯವರೂ ಕತ್ತಲಾಗುವ ಮೊದಲು ಮನೆ ಸೇರಬೇಕು, ಆನೆ ದಾಟುವ ರಸ್ತೆಗಳಿವೆ. ಬೆಳಿಗ್ಗೆ 10.30ಕ್ಕೆ ಆರಂಭಿಸಿ 3ಕ್ಕೆ ಮುಗಿಸಿ.

ರಾಜ್ಯದಿಂದ ಬರುವ ವೀಕ್ಷಕರನ್ನು ಆಕಾಂಕ್ಷಿಯ ತೋಟದ ಬಂಗಲೆಯಲ್ಲೋ ಹೋಂಸ್ಟೇಯಲ್ಲೋ ಉಳಿಸಬೇಡಿ. ಊಟ ಯಾರದು ಎಂಬುದೇ ಮರುದಿನದ ಸುದ್ದಿಯಾಗುತ್ತದೆ. ವೀಕ್ಷಕರು ಪದಾಧಿಕಾರಿಗಳನ್ನು ಒಬ್ಬೊಬ್ಬರನ್ನೇ ಕರೆದು, ಬಾಗಿಲು ಹಾಕಿ, ಮೂರು ಪ್ರಶ್ನೆ ಕೇಳಲಿ: ಮೊದಲ ಆಯ್ಕೆ ಯಾರು, ಎರಡನೆಯದು ಯಾರು, ಯಾರ ಜೊತೆ ನಿಮಗೆ ಕೆಲಸ ಮಾಡಲಾಗದು? ಮೂರನೆಯ ಉತ್ತರವೇ ಮುಂದಿನ ಒಡಕನ್ನು ತೋರಿಸುವುದು.

ಪಕ್ಷದ ನಿಯಮಾವಳಿ ಅವಕಾಶ ಕೊಟ್ಟರೆ ಗುಪ್ತ ಮತದಾನವೇ ಒಳ್ಳೆಯದು. ಮತಪತ್ರದ ಹಿಂದೆ ಚುನಾವಣಾಧಿಕಾರಿಯ ಸಹಿ ಇರಲಿ, ಎಲ್ಲರಿಗೂ ಒಂದೇ ಬಣ್ಣದ ಪೆನ್ ಕೊಡಿ. ಎಣಿಕೆಗೆ ಮೊದಲು ಪೆಟ್ಟಿಗೆಯಲ್ಲಿರುವ ಚೀಟಿಗಳೂ ಹಾಜರಿ ಪುಸ್ತಕದ ಸಹಿಗಳೂ ತಾಳೆಯಾಗಬೇಕು. 150 ಸಿಂಧು ಮತಗಳಿದ್ದರೆ ಗೆಲುವಿಗೆ 76 ಬೇಕು. ಯಾರಿಗೂ ಅಷ್ಟು ಬರದಿದ್ದರೆ ಮೊದಲ ಇಬ್ಬರ ನಡುವೆ ಅಲ್ಲೇ ಎರಡನೇ ಸುತ್ತು ನಡೆಸಿ. ಕೊಡವರು, ಅರೆಭಾಷೆ ಗೌಡರು, ಇತರರು ಎಂಬ ಲೆಕ್ಕಾಚಾರ ಬಂದೇ ಬರುತ್ತದೆ. ಅದನ್ನು ಉಪಾಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳಲ್ಲಿ ತೂಗಿಸಿ, ಮತಪೆಟ್ಟಿಗೆಯ ತನಕ ತರಬೇಡಿ.

ನಡಾವಳಿ ಪುಸ್ತಕ, ಸದಸ್ಯತ್ವ ಪಟ್ಟಿ, ಬೂತ್ ಏಜೆಂಟರ ಫೋನ್ ನಂಬರುಗಳು ಅದೇ ದಿನ ಹಸ್ತಾಂತರವಾಗಲಿ. ಬ್ಯಾಂಕಿನಲ್ಲಿ ಸಹಿ ಬದಲಿಸಲು ನಿರ್ಣಯದ ಪ್ರತಿಯೊಂದನ್ನು ಆಗಲೇ ಸಿದ್ಧಮಾಡಿ, ಇಲ್ಲದಿದ್ದರೆ ಕಚೇರಿ ಬಾಡಿಗೆಗೂ ಹಳೆಯ ಅಧ್ಯಕ್ಷರ ಮನೆಗೆ ಚೆಕ್ ಹಿಡಿದು ಹೋಗಬೇಕಾಗುತ್ತದೆ.