ಉಪ್ಪಿನಲ್ಲಿ ಹದ ಮಾಡಿದ ಸೀಗಡಿ: ಗೋವಾದ ಝುವಾರಿ ನದಿಯ ಅಳಿವೆಗೆ ನಾನು ಎರೆ ತಯಾರಿಸುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಗೋವಾದ ಟ್ರಾಲರುಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ವಾಸ್ಕೋ ಮಾರ್ಕೆಟ್ಟಿನಲ್ಲಿ ಹಸಿ ಸೀಗಡಿ ಸಿಕ್ಕರೂ ಅದರ ಬೆಲೆ ಕೇಳಿದ ಮೇಲೆ ಗಾಳಕ್ಕೆ ಸಿಕ್ಕಿಸಲು ಮನಸ್ಸು ಬಾರದು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲೇ ಸೀಗಡಿಗೆ ಉಪ್ಪು ಹಾಕಿ ಇಟ್ಟುಕೊಳ್ಳುತ್ತೇನೆ. ಬೆಲೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಹಸಿ ಸೀಗಡಿ ಬಹಳ ಮೆದು. ರಾಡ್ ಜೋರಾಗಿ ಬೀಸಿದರೆ ಅರ್ಧ ದಾರಿಯಲ್ಲೇ ಗಾಳ ಬಿಟ್ಟು ಹಾರಿಹೋಗುತ್ತದೆ, ನೀರಿಗೆ ಬಿದ್ದದ್ದನ್ನು ಏಡಿಗಳೂ ಶೆಂಗಾಳೆ ಎಂಬ ಕ್ಯಾಟ್‌ಫಿಶ್‌ನ ಮರಿಗಳೂ ಕ್ಷಣದಲ್ಲಿ ಬಿಡಿಸಿಕೊಂಡು ತಿನ್ನುತ್ತವೆ. ಹದ ಮಾಡಿದ ಸೀಗಡಿ ಬೀಸಿದ ಹೊಡೆತ ತಾಳುತ್ತದೆ, ಗಾಳದಲ್ಲೇ ಕೂತು ನಿಧಾನವಾಗಿ ವಾಸನೆ ಬಿಡುತ್ತದೆ. ಮಲಪ್ರಭೆ, ಘಟಪ್ರಭೆಗಳ ನಿಂತ ಮಡುವಿನಲ್ಲಿ ಗೋದಿಹಿಟ್ಟಿನ ಉಂಡೆ ಕಟ್ಟಿ ರೋಹು ಹಿಡಿದು ಗೋವಾಕ್ಕೆ ಬಂದವರಿಗೆ ಇಲ್ಲಿ ಮೊದಲು ಕೈಕೊಡುವುದು ಇದೇ: ಭರತ ಇಳಿತದ ಹರಿವಿನಲ್ಲಿ ಮೆತ್ತನೆಯ ಎರೆ ನಿಲ್ಲುವುದಿಲ್ಲ.

ಎರೆಯನ್ನು ಹದ ಮಾಡುವ ವಿದ್ಯೆಯನ್ನು ಅತ್ಯಂತ ಶ್ರದ್ಧೆಯಿಂದ ಬೆಳೆಸಿದವರಲ್ಲಿ ಅಮೆರಿಕದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ನದಿಗಳಲ್ಲಿ ಸಾಲ್ಮನ್ ಹಿಡಿಯುವವರು ಮುಖ್ಯರು. ಅವರ ಎರೆ ಸಾಲ್ಮನ್ನಿನದೇ ಮೊಟ್ಟೆಗೊಂಚಲು. ಒಂದೊಂದು ಮೊಟ್ಟೆ 6ರಿಂದ 8 ಮಿಲಿಮೀಟರ್ ದಪ್ಪ, ಎಲ್ಲವೂ ತೆಳುಪೊರೆಗೆ ಅಂಟಿಕೊಂಡಿರುತ್ತವೆ. ಗೊಂಚಲನ್ನು ತುಂಡು ಮಾಡಿ ಬಿಳಿಗಾರ (ಬೋರಾಕ್ಸ್), ಉಪ್ಪು, ಸಕ್ಕರೆ, ಸೋಡಿಯಂ ಸಲ್ಫೈಟ್, ಕೆಂಪು ಬಣ್ಣ ಸೇರಿದ ಪುಡಿಯನ್ನು ಉದುರಿಸುತ್ತಾರೆ. ಮೊದಲು ಮೊಟ್ಟೆಯೊಳಗಿನ ರಸ ಹೊರಬಂದು ಮೊಟ್ಟೆ ಸೊರಗುತ್ತದೆ. ಬಳಿಕ ಅದೇ ರಸವನ್ನು ಮತ್ತೆ ಹೀರಿಕೊಂಡು ದುಂಡಗಾಗುತ್ತದೆ, ಸಿಪ್ಪೆ ಮಾತ್ರ ಗಟ್ಟಿಯಾಗಿರುತ್ತದೆ. ಅಲ್ಲಿಂದ ನಾನು ತೆಗೆದುಕೊಂಡದ್ದು ಉಪ್ಪಿನ ಜೊತೆ ಸಕ್ಕರೆ ಹಾಕುವುದನ್ನು, ಬಿಟ್ಟ ರಸವನ್ನು ಚೆಲ್ಲದೆ ಬಳಸುವುದನ್ನು, ಮತ್ತು ಅವರು ಎಗ್ ಲೂಪ್ ಎನ್ನುವ ಗಂಟನ್ನು. ಸಲ್ಫೈಟನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಹಾಕಿದ ಮೊಟ್ಟೆ ತಿಂದ ಸಾಲ್ಮನ್ ಮರಿಗಳು ಸಾಯುವುದು ಒರೆಗಾನ್‌ನಲ್ಲೇ ಪರೀಕ್ಷೆಯಿಂದ ಗೊತ್ತಾಗಿದೆ. ಝುವಾರಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಬೆಳೆಯುವ ಮರಿಗಳೂ ನನ್ನ ಎರೆಯ ಚೂರನ್ನೇ ತಿನ್ನುತ್ತವೆ, ಅವುಗಳ ಹೊಟ್ಟೆಗೆ ಅದು ಹೋಗಬಾರದು. ಬಿಳಿಗಾರವನ್ನು ನಮ್ಮ ದೇಶದಲ್ಲಿ ಆಹಾರಕ್ಕೆ ಬಳಸುವಂತಿಲ್ಲ. ಮನೆಯ ಫ್ರಿಜ್ಜಿನಲ್ಲಿ ಇಡುವ ಡಬ್ಬಿಗೆ ಅದನ್ನು ಹಾಕದಿರುವುದೇ ಕ್ಷೇಮ.

ಇಲ್ಲಿನ ಮೀನಿನ ಮೊಟ್ಟೆಯನ್ನೇ, ಅಂದರೆ ಮಾರ್ಕೆಟ್ಟಿನ ಗಾಬೋಳಿಯನ್ನೇ, ಯಾಕೆ ಹದ ಮಾಡಬಾರದು ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ಕಾಳು 1 ಮಿಲಿಮೀಟರ್ ಆಸುಪಾಸು, ಚೀಲ ಹರಿದೊಡನೆ ನೀರಿನಲ್ಲಿ ಚದುರಿಹೋಗುತ್ತದೆ. ಹಳೆಯ ನೈಲಾನ್ ಕಾಲ್ಚೀಲದ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಸಿದರೆ ಸಣ್ಣ ಮೀನು ಮುತ್ತುತ್ತದೆ, ದೊಡ್ಡದು ಬರುವ ಹೊತ್ತಿಗೆ ಗಂಟು ಖಾಲಿ. ಅಳಿವೆಗೆ ಸೀಗಡಿಯೇ ಸರಿ.

ಸೀಗಡಿ ಆರಿಸುವಾಗ ತಲೆಯನ್ನು ನೋಡುತ್ತೇನೆ. ತಲೆ ಮೈಗೆ ಬಿಗಿಯಾಗಿ ಕೂತಿರಬೇಕು, ಕುತ್ತಿಗೆಯ ಬಳಿ ಕಪ್ಪು ಇರಬಾರದು, ಚಿಪ್ಪು ಜಾರಬಾರದು. ಒಮ್ಮೆ ಫ್ರೀಜ್ ಆಗಿ ಕರಗಿದ ಮಾಲು ಬೇಡವೇ ಬೇಡ. ಮಂಜಿನ ಹರಳು ಮಾಂಸದ ಎಳೆಗಳನ್ನು ಒಡೆದಿರುತ್ತದೆ, ಅಂಥದ್ದಕ್ಕೆ ಎಷ್ಟು ಉಪ್ಪು ಹಾಕಿದರೂ ಅಂಟಂಟಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಬೆರಳುದ್ದದ ಸೀಗಡಿ ಸಾಕು, ಒಂದು ಕಿಲೋಗೆ ಸುಲಿದ ಮಾಂಸ ಸುಮಾರು ಅರ್ಧ ಕಿಲೋ ಬರುತ್ತದೆ. ತಲೆಯನ್ನು ಮೊದಲೇ ಮುರಿದು ತೆಗೆಯಬೇಕು. ಜೀರ್ಣರಸವೆಲ್ಲ ಅಲ್ಲಿನ ಕಿತ್ತಳೆ ಬಣ್ಣದ ಕೊಬ್ಬಿನ ಭಾಗದಲ್ಲಿರುವುದರಿಂದ ಕೊಳೆಯುವಿಕೆ ಅಲ್ಲಿಂದಲೇ ಶುರುವಾಗಿ ಪಕ್ಕದ ಮಾಂಸವನ್ನು ಕರಗಿಸುತ್ತದೆ. ತಲೆಗಳನ್ನು ಎಸೆಯಬೇಡಿ, ಜಜ್ಜಿ ಮರಳಿನೊಂದಿಗೆ ಕಲಸಿ ಅದೇ ದಿನ ನೀರಿಗೆ ಎರಚಿದರೆ ಮೀನನ್ನು ಕರೆಯುವ ಕೆಲಸಕ್ಕೆ ಬರುತ್ತವೆ. ಕಾಣೆ (ಲೇಡಿಫಿಶ್) ಮೀನಿಗೆ ಪೂರ್ತಿ ಸುಲಿದ ಮಾಂಸ, ತಾಂಬುಸೊ (ಕೆಂಪು ಸ್ನ್ಯಾಪರ್) ಮೀನಿಗೆ ಬಾಲದ ಚಿಪ್ಪು ಇರುವ ತುಂಡು. ನಲ್ಲಿನೀರಿನಲ್ಲಿ ತೊಳೆಯುವುದಿಲ್ಲ. ಸಿಹಿನೀರನ್ನು ಮಾಂಸ ಹೀರಿ ಊದಿಕೊಳ್ಳುತ್ತದೆ, ವಾಸನೆಯೂ ತೊಳೆದುಹೋಗುತ್ತದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ ಅದರಲ್ಲಿ ಅದ್ದಿ ತೆಗೆದು, ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಅರ್ಧ ಗಂಟೆ ಹರಡುತ್ತೇನೆ.

ಉಪ್ಪು ಯಾವುದು ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಪ್ಯಾಕೆಟ್ಟಿನ ಪುಡಿಯುಪ್ಪು ತಕ್ಷಣ ಕರಗಿ ಹೊರಮೈಯನ್ನು ಬಿಗಿಮಾಡಿಬಿಡುತ್ತದೆ, ಒಳಗಿನ ನೀರು ಹೊರಬರುವ ದಾರಿ ಮುಚ್ಚುತ್ತದೆ. ಮುಟ್ಟಿದರೆ ಗಟ್ಟಿ, ಕೊಯ್ದರೆ ಒಳಗೆ ಹಸಿ. ಹತ್ತು ದಿನದಲ್ಲಿ ಅದೇ ಹಸಿ ಭಾಗ ನಾರುತ್ತದೆ. ಗೋವಾದ ಉಪ್ಪಿನ ಆಗರಗಳ ಕಲ್ಲುಪ್ಪು, ಬೇಸಿಗೆಯಲ್ಲಿ ರಸ್ತೆಬದಿಯಲ್ಲೇ ಮಾರಾಟಕ್ಕಿರುವುದು, ಇದಕ್ಕೆ ಹೇಳಿಮಾಡಿಸಿದ್ದು. ಒರಳಿನಲ್ಲಿ ತರಿತರಿಯಾಗಿ ಒಡೆದುಕೊಳ್ಳುತ್ತೇನೆ. 500 ಗ್ರಾಂ ಮಾಂಸಕ್ಕೆ 150 ಗ್ರಾಂ ಉಪ್ಪು, 40 ಗ್ರಾಂ ಸಕ್ಕರೆ. ಸಕ್ಕರೆ ರುಚಿಗೆಂದಲ್ಲ, ಬರೀ ಉಪ್ಪಿನಲ್ಲಿ ಮಾಂಸ ಕಟ್ಟಿಗೆಯಾಗಿ ಗಾಳ ಚುಚ್ಚುವಾಗ ಸೀಳುತ್ತದೆ, ಸಕ್ಕರೆ ಸ್ವಲ್ಪ ತೇವ ಹಿಡಿದು ಬಾಗುವ ಗುಣ ಉಳಿಸುತ್ತದೆ. ನಿಂಬೆರಸ, ವಿನೆಗರ್ ಹಾಕುವವರನ್ನು ನೋಡಿದ್ದೇನೆ. ಹುಳಿಗೆ ಮಾಂಸ ಬೆಂದ ಹಾಗೆ ಬೆಳ್ಳಗಾಗಿ ಪುಡಿಯಾಗುತ್ತದೆ, ಬೇಡ.

ಡಬ್ಬಿಯೊಳಗೆ ತೂತಿನ ಜರಡಿ ಇಟ್ಟು, ಅದರಲ್ಲಿ ಒಂದು ಪದರ ಸೀಗಡಿ, ಒಂದು ಪದರ ಮಿಶ್ರಣ ಎಂದು ಜೋಡಿಸಿ, ಮುಚ್ಚಳ ಹಾಕಿ ಫ್ರಿಜ್ಜಿನ ಕೆಳತಟ್ಟಿನಲ್ಲಿ ಇಡುತ್ತೇನೆ. ಆರು ಗಂಟೆಯ ಬಳಿಕ ಕೈಯಾಡಿಸಿ ಮೇಲಿನದನ್ನು ಕೆಳಗೆ ಮಾಡಬೇಕು. 12 ಗಂಟೆ ಕಳೆದ ಮೇಲೆ ತಳದಲ್ಲಿ ನಿಂತ ರಸವನ್ನು ಸೋಸಿ ಬಾಟಲಿಗೆ ಹಾಕಿಡುತ್ತೇನೆ. ಮೀನನ್ನು ಸೆಳೆಯುವ ಗ್ಲೈಸಿನ್, ಬೀಟೇನ್‌ನಂಥ ಪದಾರ್ಥಗಳು ಸೀಗಡಿಯಲ್ಲಿ ಧಾರಾಳ, ನೀರಿನೊಂದಿಗೆ ಅವೂ ಸ್ವಲ್ಪ ಹೊರಬಂದಿರುತ್ತವೆ. ಉಳಿದ ಸೀಗಡಿಗೆ ಇನ್ನೊಂದು 50 ಗ್ರಾಂ ಉಪ್ಪು ಉದುರಿಸಿ ಮತ್ತೆ 12 ಗಂಟೆ. ಎರಡನೇ ಸಲ ತಳದಲ್ಲಿ ರಸ ಬಹಳ ಕಡಿಮೆ ಇರಬೇಕು. ಇನ್ನೂ ತುಂಬಿ ನಿಂತಿದ್ದರೆ ಅದನ್ನು ಬಸಿದು ಮತ್ತೊಂದು ದಿನ ಬಿಡಿ, ಗಡಿಯಾರಕ್ಕಿಂತ ರಸವನ್ನು ನಂಬಿ.

ಆಮೇಲೆ ಅಂಟಿದ ಉಪ್ಪು ಕೊಡವಿ, ಸೊಳ್ಳೆಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ ಫ್ಯಾನಿನ ಕೆಳಗೆ ಎರಡು ಮೂರು ಗಂಟೆ. ಬಿಸಿಲಿಗಿಟ್ಟರೆ ಕೊಬ್ಬು ಕಮಟುತ್ತದೆ, ನೊಣ ಮೊಟ್ಟೆಯಿಡುತ್ತದೆ. ಬೆರಳಲ್ಲಿ ಮಡಚಿದರೆ ಒಣದ್ರಾಕ್ಷಿಯ ಹಾಗೆ ಮುರಿಯದೆ ಬಾಗಬೇಕು, ಅದೇ ಹದ. ಮಳೆಗಾಲದಲ್ಲಿ ಈ ಹಂತ ಹೊರಗೆ ನಡೆಯುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪೇ ನೀರನ್ನು ಎಳೆದುಕೊಳ್ಳುತ್ತದೆ, ಜೂನ್ ಬಂದರೆ ಗೋವಾದಲ್ಲಿ ಅದಕ್ಕಿಂತ ಕಡಿಮೆಯಾಗುವುದೇ ಅಪರೂಪ. ಆಗ ಫ್ರಿಜ್ಜಿನೊಳಗೇ ಮುಚ್ಚಳವಿಲ್ಲದ ತಟ್ಟೆಯಲ್ಲಿ ಒಂದು ರಾತ್ರಿ ಇಡುವುದೇ ದಾರಿ, ಮನೆಯವರು ಒಪ್ಪಿದರೆ.

ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಕಾಗದದಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಗಾಳಿ ಹಿಂಡಿ ತೆಗೆದು ಫ್ರೀಜರಿಗೆ. ಚೀಲದ ಮೇಲೆ ‘ಎರೆ, ತಿನ್ನಬಾರದು’ ಎಂದು ಬರೆಯಿರಿ. ತುಂಬುಪ್ಪಿನ ನೀರು ಹೆಪ್ಪುಗಟ್ಟುವುದು ಮೈನಸ್ 21 ಡಿಗ್ರಿಯಲ್ಲಿ, ಮನೆಯ ಫ್ರೀಜರ್ ಮೈನಸ್ 18ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಸರಿಯಾಗಿ ಹದವಾದ ಸೀಗಡಿ ಫ್ರೀಜರಿನಲ್ಲೂ ಕಲ್ಲಾಗದೆ ಮೆತ್ತಗೇ ಇರುತ್ತದೆ. ಕಲ್ಲಾಗಿದ್ದರೆ ಒಳಗೆ ಉಪ್ಪು ಸಾಲದು ಎಂದು ತಿಳಿಯಿರಿ. ಮೂರು ನಾಲ್ಕು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಹಳದಿ ತಿರುಗಿ ಕಮಟು ವಾಸನೆ ಬರುತ್ತದೆ. ಅಲ್ಲಲ್ಲಿ ಕಪ್ಪಾದರೆ ಹೆದರಬೇಕಿಲ್ಲ, ಅದು ಸೀಗಡಿಯೊಳಗಿನ ಕಿಣ್ವದ ಕೆಲಸ, ಮೀನು ಲೆಕ್ಕಿಸುವುದಿಲ್ಲ. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಮಾತ್ರ ಎಸೆಯಿರಿ.

ಗಾಳಕ್ಕೆ ಕಟ್ಟುವ ವಿಷಯ. ಕಾಣೆಗೆ ಉದ್ದ ದಂಟಿನ 6ನೇ ನಂಬರಿನ ಸಣ್ಣ ಗಾಳ, ಹೆಬ್ಬೆರಳ ಉಗುರಿನಷ್ಟು ತುಂಡು. ತಾಂಬುಸೊಗೆ 2/0 ಅಥವಾ 3/0 ಅಳತೆಯ ದೊಡ್ಡ ಗಾಳಕ್ಕೆ ಎಗ್ ಲೂಪ್ ಹಾಕುತ್ತೇನೆ. ಅರ್ಧ ಮೀಟರಿಗಿಂತ ತುಸು ಹೆಚ್ಚು ದಾರದ ಒಂದು ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ ದಂಟಿಗೆ ಒತ್ತಿ ಹಿಡಿದು, ಅದರ ಮೇಲೆ ದಾರವನ್ನು ಹತ್ತು ಸುತ್ತು ಬಿಗಿಯಾಗಿ ಸುತ್ತಬೇಕು. ಸುತ್ತು ಸಡಿಲಾಗದಂತೆ ಬೆರಳಿನಲ್ಲಿ ಹಿಡಿದು ದಾರದ ಇನ್ನೊಂದು ತುದಿಯನ್ನೂ ಕಣ್ಣಿನಲ್ಲಿ ತೂರಿಸಿ ದಂಟಿಗೆ ಸೇರಿಸಿ, ಈಗಾದ ದೊಡ್ಡ ಕುಣಿಕೆಯಿಂದ ಅದರ ಮೇಲೆ ಐದಾರು ಸುತ್ತು ಹಾಕಿ, ಆ ಎರಡನೇ ತುದಿಯನ್ನು ಎಳೆದು ಬಿಗಿಯಬೇಕು. ನಂತರ ದಾರವನ್ನು ಕಣ್ಣಿನೊಳಕ್ಕೆ ತುಸು ತಳ್ಳಿದರೆ ಕಣ್ಣಿಗೂ ಸುತ್ತಿಗೂ ನಡುವೆ ಸಣ್ಣ ಕುಣಿಕೆ ತೆರೆಯುತ್ತದೆ. ಸೀಗಡಿಯ ಬಾಲ ಅದರೊಳಗೆ, ಮೈ ಗಾಳದ ಬಾಗಿನಲ್ಲಿ, ಮೊನೆ ಹೊರಗೆ. ದಾರ ಎಳೆದರೆ ಬಾಲಕ್ಕೆ ಉರುಳು ಬಿಗಿಯುತ್ತದೆ. ಚುಚ್ಚುವ ಮುಂಚೆ ಸೀಗಡಿಯನ್ನು ನದಿನೀರಿನಲ್ಲಿ ಎರಡು ನಿಮಿಷ ನೆನೆಸಿ, ಆಮೇಲೆ ಬಾಟಲಿಯ ರಸದಲ್ಲಿ ಅದ್ದುತ್ತೇನೆ.

ಕುಠ್ಠಾಳಿಯ ಬಂಡೆಗಳ ಬಳಿ ಭರತ ಏರಲು ಶುರುವಾದ ಮೊದಲ ಎರಡು ಗಂಟೆ, ಖಾಜನ್ (ನದಿಬದಿಯಲ್ಲಿ ಒಡ್ಡು ಕಟ್ಟಿದ ತಗ್ಗು ಗದ್ದೆ) ತೋಡುಗಳ ಬಾಯಲ್ಲಿ ಇಳಿತದ ಕೊನೆಯ ಎರಡು ಗಂಟೆ ಒಳ್ಳೆಯದು. ಖಾಜನ್ನಿಗೆ ನೀರು ಬಿಡುವ, ತಡೆಯುವ ಮಾನಸ್ ತೂಬುಗಳಲ್ಲಿ ಮೀನು ಹಿಡಿಯುವ ಹಕ್ಕು ಹರಾಜಾಗಿರುತ್ತದೆ, ಹಕ್ಕುದಾರರನ್ನು ಕೇಳದೆ ತೂಬಿನ ಬುಡಕ್ಕೆ ಗಾಳ ಎಸೆಯಬಾರದು. ಅಮಾವಾಸ್ಯೆ, ಹುಣ್ಣಿಮೆಯ ಸೆಳೆತಕ್ಕೆ 60ರಿಂದ 80 ಗ್ರಾಂ ಸೀಸ ಬೇಕು, ಅಷ್ಟಮಿಯ ಆಸುಪಾಸು 30 ಗ್ರಾಂ ಸಾಕು. ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ, ಅಲ್ಲಿ ನೀರಿಗಿಳಿದು ಎರೆ ನೆನೆಸುವುದು ಸಲ್ಲದು. ಶೆಂಗಾಳೆ ಬಂದರೆ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷವಿರುವುದರಿಂದ ಇಕ್ಕಳದಲ್ಲೇ ಬಿಡಿಸಿ. ಚೊಣಕ್ (ಬರಾಮುಂಡಿ) ಮೀನು ಬೇಕೆಂದರೆ ಈ ಎರೆಯನ್ನು ಹೆಚ್ಚು ನಂಬಬೇಡಿ, ಅದಕ್ಕೆ ಜೀವಂತ ಸೀಗಡಿಯೇ ಮೇಲು.

ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಬೆಳ್ಳಗಾಗಿ ಹಿಂಡಿದರೆ ಬರೀ ನೀರು ಬರುವ ಎರೆಯಲ್ಲಿ ವಾಸನೆ ಉಳಿದಿರುವುದಿಲ್ಲ, ಗಾಳದಲ್ಲಿ ಗಟ್ಟಿಯಾಗಿ ಕೂತಿದ್ದರೂ ಬದಲಿಸಿ. ಏಡಿಗಳ ಕಾಟ ಹೆಚ್ಚಿದ್ದರೆ ಗಾಳದಿಂದ ನಾಲ್ಕು ಬೆರಳು ಮೇಲೆ ದಾರಕ್ಕೆ ಥರ್ಮಾಕೋಲಿನ ಸಣ್ಣ ತುಂಡು ಪೋಣಿಸಿದರೆ ಎರೆ ಕೆಸರಿನಿಂದ ಒಂದು ಗೇಣು ಎದ್ದು ನಿಲ್ಲುತ್ತದೆ. ಡಬ್ಬಿಯಲ್ಲಿ ಉಳಿದು ನೆನೆಯದ ಸೀಗಡಿಯನ್ನು ಹಿಡಿ ಉಪ್ಪಿನಲ್ಲಿ ಹೊರಳಿಸಿ ಮತ್ತೆ ಫ್ರೀಜರಿಗೆ ಇಡಬಹುದು. ನೀರಿಗೆ ಬಿದ್ದದ್ದನ್ನು ಅದರ ಜೊತೆ ಸೇರಿಸಬೇಡಿ.