ಒಂದು ಅಂಕಿ ಹುಡುಕೋಕೆ ಹೋಗಿ ಮಕ್ಕಳು ಲೈಬ್ರರಿ ಕಲಿತಿದ್ದು

ನಾನು ಕಾಲೇಜ್ ಲೈಬ್ರರಿಯಲ್ಲಿ ಕೆಲಸ ಮಾಡೋಳು, ಹದಿನೇಳು ವರ್ಷ ಆಯ್ತು. ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಲೈಬ್ರರಿ ಓರಿಯೆಂಟೇಶನ್ ಅಂತ ಒಂದು ಗಂಟೆ ಇರುತ್ತೆ. ತುಂಬಾ ವರ್ಷ ನಾನು ಅದನ್ನ ಎಲ್ಲರೂ ಮಾಡೋ ಹಾಗೇ ಮಾಡ್ದೆ, ಇದು ಇಶ್ಯೂ ಕೌಂಟರು, ಇದು ರೆಫರೆನ್ಸ್ ಸೆಕ್ಷನ್ನು, ಇಲ್ಲಿ ಜರ್ನಲ್ಸು, ಇಷ್ಟು ದಿನದಲ್ಲಿ ಪುಸ್ತಕ ವಾಪಸ್ ಕೊಡಬೇಕು ಅಂತ. ಮಕ್ಕಳು ತಲೆ ಆಡಿಸಿ ಹೋಗ್ತಿದ್ರು. ಆಮೇಲೆ ಅವರನ್ನ ನೋಡ್ತಿದ್ದಿದ್ದು ಪರೀಕ್ಷೆ ಹತ್ರ ಬಂದಾಗಲೇ, ಅದೂ ಕೂತು ಓದೋಕೆ ಜಾಗ ಬೇಕು ಅಂತ ಬರೋರು. ಮಾಹಿತಿ ಬೇಕು ಅಂದ್ರೆ ಫೋನ್ ಇದೆಯಲ್ಲ.

ನನಗೆ ಫೋನ್ ಮೇಲೆ ಸಿಟ್ಟಿಲ್ಲ, ನಾನೂ ದಿನವಿಡೀ ನೆಟ್ಟಲ್ಲೇ ಹುಡುಕೋದು. ಆದ್ರೆ ಮಕ್ಕಳ ಅಸೈನ್‌ಮೆಂಟ್ ನೋಡಿದ್ರೆ ಎಲ್ಲರದ್ದೂ ಒಂದೇ ಥರ, ಮೊದಲನೇ ಪೇಜಲ್ಲಿ ಬಂದ ಮೂರು ಲಿಂಕು, ಅದರಲ್ಲಿದ್ದ ವಾಕ್ಯಾನೇ ಹಿಂದೆಮುಂದೆ ಮಾಡಿದ್ದು. ಹುಡುಕೋದು ಅಂದ್ರೆ ಅಷ್ಟೇ ಅಂದ್ಕೊಂಡಿದ್ರು. ಅದಕ್ಕೇ ಮೂರು ವರ್ಷದ ಹಿಂದೆ ಓರಿಯೆಂಟೇಶನ್ ಬಿಟ್ಟು ಬೇರೆ ಏನಾದ್ರೂ ಮಾಡೋಣ ಅಂತ ಇಬ್ಬರು ಲೆಕ್ಚರರ್ ಹತ್ರ ಕೇಳಿಕೊಂಡು ನಾಲ್ಕು ಕ್ಲಾಸ್ ತಗೊಂಡೆ.

ಮೊದಲನೇ ಕ್ಲಾಸಲ್ಲಿ ಒಂದೇ ಪ್ರಶ್ನೆ ಕೊಟ್ಟೆ. 1918ರಲ್ಲಿ ಶುರುವಾದ ಸ್ಪ್ಯಾನಿಷ್ ಫ್ಲೂನಿಂದ ಪ್ರಪಂಚದಲ್ಲಿ ಒಟ್ಟು ಎಷ್ಟು ಜನ ಸತ್ತರು? ಹತ್ತು ನಿಮಿಷ ಟೈಮು, ಫೋನ್ ಬಳಸಬಹುದು. ಹತ್ತು ನಿಮಿಷ ಯಾಕೆ ಬೇಕು ಅನ್ನೋ ಥರ ನೋಡಿದ್ರು, ಒಂದು ನಿಮಿಷದೊಳಗೆ ಕೈ ಎತ್ತಿದ್ರು. ಒಬ್ಬ 5 ಕೋಟಿ ಅಂದ. ಇನ್ನೊಬ್ಬಳು 2 ಕೋಟಿ. ಹಿಂದಿನ ಬೆಂಚಿಂದ 10 ಕೋಟಿ ಅಂತ ಬಂತು, ಕಿಟಕಿ ಪಕ್ಕ ಕೂತಿದ್ದ ಹುಡುಗಿ ಮೆಲ್ಲಗೆ 1.7 ಕೋಟಿ ಅಂದ್ಲು. ನಾಲ್ಕನ್ನೂ ಬೋರ್ಡ್ ಮೇಲೆ ಬರೆದೆ. ಕ್ಲಾಸ್ ಸ್ವಲ್ಪ ಹೊತ್ತು ಸುಮ್ಮನಾಯ್ತು. ಆಮೇಲೆ ಬಂದ ಪ್ರಶ್ನೆ, "ಮೇಡಂ, ಇದರಲ್ಲಿ ಯಾವುದು ಸರಿ?"

ನಾನು ಹೇಳಲಿಲ್ಲ. ಈ ಅಂಕಿಗಳನ್ನ ಯಾರು ಎಣಿಸಿದ್ರು, ಯಾವಾಗ ಎಣಿಸಿದ್ರು ಅಂತ ಮುಂದಿನ ಕ್ಲಾಸಿಗೆ ಕಂಡುಹಿಡಿದುಕೊಂಡು ಬನ್ನಿ ಅಂದೆ. ಯಾರಿಗೂ ಆಗಲಿಲ್ಲ. ಒಂದು ವೆಬ್‌ಸೈಟು ಇನ್ನೊಂದನ್ನ ತೋರಿಸುತ್ತೆ, ಅದು ಮತ್ತೊಂದನ್ನ, ಕೊನೆಗೆ "ತಜ್ಞರ ಪ್ರಕಾರ" ಅನ್ನೋ ಮಾತಿಗೆ ಬಂದು ನಿಂತುಬಿಡುತ್ತೆ.

ಎರಡನೇ ಕ್ಲಾಸನ್ನ ಲೈಬ್ರರಿ ಒಳಗೇ ಮಾಡಿದ್ವಿ. ಇಲ್ಲೇ ನನಗೂ ಒಂದು ವಿಷಯ ಸ್ಪಷ್ಟ ಆಗಿದ್ದು. ಮಕ್ಕಳಿಗೆ ಹುಡುಕೋಕೆ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಅವರ ಕೈಬೆರಳು ನನಗಿಂತ ಫಾಸ್ಟು. ಇಲ್ಲದೇ ಇದ್ದಿದ್ದು ಪದ. ಪ್ರಶ್ನೆ ಪತ್ರಿಕೆಯಲ್ಲಿ ಯಾವ ಪದ ಇದೆಯೋ ಅದನ್ನೇ ಟೈಪ್ ಮಾಡ್ತಾರೆ, ಆ ವಿಷಯ ಗೊತ್ತಿರೋರು ಅದನ್ನ ಏನಂತ ಕರೀತಾರೆ ಅನ್ನೋದು ಅವರಿಗೆ ಗೊತ್ತಿಲ್ಲ. ಕ್ಯಾಟಲಾಗಲ್ಲಿ ಸಬ್ಜೆಕ್ಟ್ ಅಂತ ಆರಿಸಿ "ಸ್ಪ್ಯಾನಿಷ್ ಫ್ಲೂ" ಹಾಕಿದ್ರು, ಸೊನ್ನೆ ಬಂತು. ನಮ್ಮ ಲೈಬ್ರರೀಲಿ ಪುಸ್ತಕ ಇಲ್ಲ ಅಂತ ಎದ್ದೇಬಿಟ್ರು. ಒಂದೊಂದು ವಿಷಯಕ್ಕೂ ಕ್ಯಾಟಲಾಗಲ್ಲಿ ಒಂದೇ ಗೊತ್ತಾದ ಹೆಸರು ಇರುತ್ತೆ, ಅದೇ ವಿಷಯ ಶೀರ್ಷಿಕೆ; ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಲ್ಲಿ ಇದಕ್ಕೆ "ಇನ್‌ಫ್ಲುಯೆಂಜಾ ಎಪಿಡೆಮಿಕ್, 1918-1919" ಅಂತ ಹೆಸರು, ನಾವೂ ಅದನ್ನೇ ಬಳಸ್ತೀವಿ. ಅದನ್ನ ಹಾಕಿದಾಗ ಪುಸ್ತಕ ಬಂತು. ಸ್ಪ್ಯಾನಿಷ್ ಅನ್ನೋ ಹೆಸರೇ ಒಂದು ಆಕಸ್ಮಿಕ, ಮೊದಲ ಮಹಾಯುದ್ಧದಲ್ಲಿ ಸ್ಪೇನ್ ತಟಸ್ಥವಾಗಿತ್ತು, ಅಲ್ಲಿನ ಪತ್ರಿಕೆಗಳಿಗೆ ಯುದ್ಧದ ಸೆನ್ಸಾರ್ ಇರಲಿಲ್ಲ, ಕಾಯಿಲೆ ಸುದ್ದಿ ಅಲ್ಲಿಂದಲೇ ಜಾಸ್ತಿ ಬಂತು, ಹೆಸರು ಅಂಟಿಕೊಂಡುಬಿಡ್ತು.

ಕನ್ನಡದಲ್ಲಿ ಹುಡುಕುವಾಗ ಈ ತೊಂದರೆ ಇನ್ನೂ ಜಾಸ್ತಿ. ಇನ್‌ಫ್ಲುಯೆಂಜಾ, ಇನ್ಫ್ಲೂಯೆಂಝಾ, ಇನ್ಫ್ಲುಯೆನ್ಸ, ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ, ಒಂದು ಸ್ಪೆಲ್ಲಿಂಗಲ್ಲಿ ಸಿಗದೇ ಇದ್ದಿದ್ದು ಇನ್ನೊಂದರಲ್ಲಿ ಸಿಗುತ್ತೆ. ಕನ್ನಡದಲ್ಲಿ ಏನೂ ಇಲ್ಲ ಅನ್ನೋಕೆ ಮುಂಚೆ ಮೂರು ಥರ ಬರೆದು ನೋಡಿ ಅಂತ ನಾನು ಯಾವಾಗ್ಲೂ ಹೇಳ್ತೀನಿ.

ಪುಸ್ತಕ ಯಾವ ಜಾಗದಲ್ಲಿದೆ ಅಂತ ಹೇಳೋ ಕಾಲ್ ನಂಬರ್ ಬರ್ಕೊಂಡು ರ್‍ಯಾಕ್ ಹತ್ರ ಹೋದ್ವಿ. 1876ರಲ್ಲಿ ಮೆಲ್ವಿಲ್ ಡ್ಯೂಯಿ ವಿಷಯಕ್ಕೊಂದು ನಂಬರ್ ಕೊಟ್ಟು ಮಾಡಿದ ವರ್ಗೀಕರಣ ಅಂತ ಪಾಠ ಮಾಡೋಕೆ ಹೋಗಲಿಲ್ಲ, ಒಂದೇ ವಿಷಯ ಎಷ್ಟು ಕಡೆ ಚದುರಿದೆ ಅಂತ ತೋರಿಸ್ದೆ. ಸಾಂಕ್ರಾಮಿಕವಾಗಿ ಹರಡಿದ ಇನ್‌ಫ್ಲುಯೆಂಜಾ 614.518ರಲ್ಲಿ. ಕಾಯಿಲೆಯ ಚಿಕಿತ್ಸೆ 616ರಲ್ಲಿ, ಎರಡು ರ್‍ಯಾಕ್ ಆಚೆ. ಯುದ್ಧದ ಸೈನಿಕರ ಕಥೆ ಬೇಕಂದ್ರೆ ಲೈಬ್ರರಿಯ ಇನ್ನೊಂದು ತುದಿ, 940.4. ಒಬ್ಬ ಹುಡುಗ, "ಹಾಗಾದ್ರೆ ಎಲ್ಲಿ ಹುಡುಕಬೇಕು ಅನ್ನೋದು ನಾನು ಏನು ಕೇಳ್ತಿದ್ದೀನಿ ಅನ್ನೋದರ ಮೇಲೆ ಹೋಗುತ್ತಾ ಮೇಡಂ?" ಅಂದ. ಹೌದಪ್ಪಾ ಅಂದೆ, ಆ ಮಾತು ಅವನ ಬಾಯಿಂದಲೇ ಬಂದಿದ್ದು ನನಗೆ ತುಂಬಾ ಖುಷಿಯಾಯ್ತು.

ರ್‍ಯಾಕಲ್ಲಿ ಹುಡುಕಿದ ಪುಸ್ತಕದ ಎಡಕ್ಕೆ ಐದು, ಬಲಕ್ಕೆ ಐದು ನೋಡೋದು ಕಡ್ಡಾಯ ಮಾಡ್ದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು ಇದನ್ನ ಚೆನ್ನಾಗಿ ವಿವರಿಸಿದ್ದಾರೆ, ಬೇಕಾದ ವಿಷಯ ಮಧ್ಯದಲ್ಲಿ, ಅದರ ಎರಡೂ ಪಕ್ಕದಲ್ಲಿ ಹತ್ತಿರದ ಸಂಬಂಧದ್ದು, ಇನ್ನೂ ಆಚೆ ಹೋದ್ರೆ ಸಂಬಂಧ ಇಲ್ಲದ್ದು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನೋದು, ರ್‍ಯಾಕ್ ಮುಂದೆ ನಿಂತಾಗ ಅದು ಕಣ್ಣಿಗೇ ಕಾಣುತ್ತೆ.

ಆಮೇಲೆ ಪುಸ್ತಕ ಟೇಬಲ್ ಮೇಲಿಟ್ಟು, ಮೊದಲನೇ ಪುಟ ಓದಬೇಡಿ, ಕೊನೆ ಪುಟ ತೆಗೀರಿ ಅಂದೆ. ಅರ್ಧಕ್ಕರ್ಧ ಮಕ್ಕಳು ಪುಸ್ತಕದ ಹಿಂದಿನ ಇಂಡೆಕ್ಸನ್ನ ಯಾವತ್ತೂ ಬಳಸಿಯೇ ಇರಲಿಲ್ಲ. ಅವತ್ತು 1.7 ಕೋಟಿ ಅಂದಿದ್ದ ಹುಡುಗಿ ಇಂಡೆಕ್ಸ್ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳೀತಾ ಬಂದ್ಲು, "ಮಾರ್ಟಾಲಿಟಿ" ಹತ್ರ ನಿಂತ್ಲು, ಅದರ ಕೆಳಗೆ ಸ್ವಲ್ಪ ಒಳಗೆ ಸರಿದು "ಎಕ್ಸೆಸ್" ಅಂತ ಇತ್ತು. ಹಾಗಂದ್ರೆ ಏನು ಅಂತ ಕೇಳಿದ್ಲು. ಆ ಪುಟ ತೆಗೆದು ನೋಡಮ್ಮಾ ಅಂದೆ. ಮಾಮೂಲಿ ವರ್ಷದಲ್ಲಿ ಸಾಯೋರಿಗಿಂತ ಎಷ್ಟು ಜನ ಹೆಚ್ಚಿಗೆ ಸತ್ತರು ಅಂತ ಲೆಕ್ಕ ಹಾಕೋ ರೀತಿ ಅದು. "ಎಕ್ಸೆಸ್ ಮಾರ್ಟಾಲಿಟಿ" ಅನ್ನೋದನ್ನ ಇನ್‌ಫ್ಲುಯೆಂಜಾ, 1918 ಜೊತೆ ಸೇರಿಸಿ, ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರಲ್ಲಿ ಹಾಕಿದ್ಲು. ಹಿಂದಿನ ವಾರ ಇಡೀ ಕ್ಲಾಸಿಗೆ ಸಿಗದೇ ಇದ್ದ ಲೇಖನಗಳು ಒಂದರ ಕೆಳಗೊಂದು ಬಂದು ನಿಂತ್ವು. ಅದೇ ಫೋನು, ಅದೇ ನೆಟ್ಟು, ಬದಲಾಗಿದ್ದು ಎರಡು ಪದ, ಆ ಎರಡು ಪದ ಸಿಕ್ಕಿದ್ದು ಪುಸ್ತಕದ ಹಿಂದಿನ ಪುಟದಲ್ಲಿ.

ಅವತ್ತಿಂದ ನನ್ನ ಕ್ಲಾಸಿನ ನಿಯಮ ಇದೇ, ಮೊದಲು ಒಂದು ಬಿಳಿ ಹಾಳೆ ತಗೊಂಡು ಪದ ಪಟ್ಟಿ ಮಾಡೋದು, ವಿಶ್ವಕೋಶದಿಂದ, ಇಂಡೆಕ್ಸಿಂದ, ಕ್ಯಾಟಲಾಗಿನ ವಿಷಯ ಶೀರ್ಷಿಕೆಯಿಂದ, ವಿಕಿಪೀಡಿಯಾದಿಂದ ಆದ್ರೂ ಪರವಾಗಿಲ್ಲ. ಕಡಿಮೆ ಅಂದ್ರೂ ಎಂಟು ಪದ ಆಗೋವರೆಗೂ ಸರ್ಚ್ ಇಲ್ಲ.

ಮೂರನೇ ಕ್ಲಾಸಲ್ಲಿ ಅಂಕಿಗಳ ಬೇರು ಹುಡುಕಿದ್ವಿ. ಲೇಖನದ ಕೊನೆಯ ಉಲ್ಲೇಖ ಹಿಡಿದು ಹಿಂದಕ್ಕೆ ಹೋಗೋದು ಒಂದು, ಗೂಗಲ್ ಸ್ಕಾಲರಲ್ಲಿ ಲೇಖನದ ಕೆಳಗೆ ಇದನ್ನ ಯಾರೆಲ್ಲ ಉಲ್ಲೇಖಿಸಿದ್ದಾರೆ ಅನ್ನೋ ಲಿಂಕ್ ಒತ್ತಿ ಮುಂದಕ್ಕೆ ಬರೋದು ಇನ್ನೊಂದು. ಈ ಮುಂದಕ್ಕೆ ಬರೋ ದಾರಿ ಇಂಟರ್ನೆಟ್ ಮಾಡಿದ್ದಲ್ಲ, ಯುಜೀನ್ ಗಾರ್‌ಫೀಲ್ಡ್ 1964ರಲ್ಲೇ ಯಾವ ಲೇಖನವನ್ನ ಯಾರು ಉಲ್ಲೇಖಿಸಿದ್ದಾರೆ ಅನ್ನೋ ಪಟ್ಟಿಯನ್ನ ಸೈನ್ಸ್ ಸೈಟೇಶನ್ ಇಂಡೆಕ್ಸ್ ಅಂತ ಅಚ್ಚು ಹಾಕಿಸಿದ್ರು. ಎರಡೂ ದಾರಿ ಹಿಡಿದು ಮಕ್ಕಳು ತಂದಿದ್ದು ಇಷ್ಟು. 2 ಕೋಟಿ ಚಿಲ್ಲರೆ ಅನ್ನೋದು 1927ರದ್ದು, ಎಡ್ವಿನ್ ಜೋರ್ಡನ್ ಅನ್ನೋ ಬ್ಯಾಕ್ಟೀರಿಯಾ ತಜ್ಞ ಮಾಡಿದ ಲೆಕ್ಕ. 1991ರಲ್ಲಿ ಪ್ಯಾಟರ್ಸನ್ ಮತ್ತು ಪೈಲ್ ಅದನ್ನ ಸುಮಾರು 2.5ರಿಂದ 3.9 ಕೋಟಿ ಅಂದ್ರು. 2002ರಲ್ಲಿ ಜಾನ್ಸನ್ ಮತ್ತು ಮುಲ್ಲರ್ 5 ಕೋಟಿ ಅಂದ್ರು, ನಿಜ ಸಂಖ್ಯೆ ಅದರ ಎರಡರಷ್ಟಿದ್ರೂ ಇರಬಹುದು ಅಂತ ಸೇರಿಸಿದ್ರು. ಹಿಂದಿನ ಬೆಂಚಿನ 10 ಕೋಟಿ ಹುಟ್ಟಿದ್ದು ಆ "ಇರಬಹುದು"ವಿನಿಂದ, ವೆಬ್‌ಸೈಟಿಂದ ವೆಬ್‌ಸೈಟಿಗೆ ಹೋಗ್ತಾ "ಇರಬಹುದು" ಉದುರಿ ಹೋಗಿ ಅಂಕಿ ಮಾತ್ರ ಉಳಿದಿತ್ತು. 1.7 ಕೋಟಿ 2018ರ ಒಂದು ಅಧ್ಯಯನದ್ದು, ಅಂದ್ರೆ ಎಲ್ಲಕ್ಕಿಂತ ಹೊಸದು ಎಲ್ಲಕ್ಕಿಂತ ಕಡಿಮೆ. ಇದನ್ನ ನೋಡಿದ ಮೇಲೆ ಯಾವುದು ಸರಿ ಅಂತ ಯಾರೂ ಕೇಳಲಿಲ್ಲ, ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳಿದ್ರು. ಎಷ್ಟೋ ಕಡೆ ಸಾವನ್ನ ಸರಿಯಾಗಿ ದಾಖಲು ಮಾಡಿರಲಿಲ್ಲ, ಹಾಗಾಗಿ ಒಬ್ಬೊಬ್ಬರು ಒಂದೊಂದು ರೀತಿ ಅಂದಾಜು ಮಾಡಿದ್ದಾರೆ ಅನ್ನೋದು ಅವರೇ ಓದಿ ತಿಳ್ಕೊಂಡ್ರು.

ವೆಬ್‌ಸೈಟ್ ನಂಬಬಹುದಾ ಅನ್ನೋದಕ್ಕೆ ಜಾಸ್ತಿ ಟೈಮ್ ಕೊಡಲಿಲ್ಲ, ಒಂದೇ ಅಭ್ಯಾಸ ಹೇಳಿಕೊಟ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ವೈನ್‌ಬರ್ಗ್ ಮತ್ತು ಮೆಗ್ರೂ ಮಾಡಿದ ಅಧ್ಯಯನದಲ್ಲಿ ಇತಿಹಾಸದ ಪಿಎಚ್‌ಡಿ ಆದವರೂ ವಿದ್ಯಾರ್ಥಿಗಳೂ ಒಂದೇ ಪೇಜಲ್ಲಿ ಕೂತು ಓದ್ತಾ ಮೋಸ ಹೋಗ್ತಿದ್ರು, ಫ್ಯಾಕ್ಟ್ ಚೆಕ್ ಮಾಡೋರು ಮಾತ್ರ ಆ ಪೇಜ್ ಬಿಟ್ಟು ಬೇರೆ ಟ್ಯಾಬ್ ತೆಗೆದು ಇವರ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡ್ತಿದ್ರು. ಅಷ್ಟು ಮಾಡಿದ್ರೆ ಬಹಳ ಮಟ್ಟಿಗೆ ಸಾಕು.

ಹೋದ ವರ್ಷ ಒಬ್ಬ ಹುಡುಗ ಆರು ಉಲ್ಲೇಖ ಇರೋ ಪಟ್ಟಿ ತಂದ, ಇದರಲ್ಲಿ ಎರಡು ಎಲ್ಲೂ ಸಿಗ್ತಿಲ್ಲ ಮೇಡಂ, ನಮ್ಮಲ್ಲಿ ಇದೆಯಾ ಅಂತ. ಲೇಖಕರ ಹೆಸರು, ಜರ್ನಲ್ಲು, ವಾಲ್ಯೂಮ್, ಪುಟ ಎಲ್ಲಾ ಇತ್ತು. ಒಂದು ಜರ್ನಲಿನ ಬೈಂಡ್ ವಾಲ್ಯೂಮ್ ನಮ್ಮ ಹತ್ರ ಇತ್ತು, ಮೇಲಿನ ರ್‍ಯಾಕಿಂದ ಇಳಿಸಿ ಧೂಳು ಒರೆಸಿ ಆ ಪುಟ ತೆಗೆದ್ವಿ. ಅಲ್ಲಿ ಬೇರೆ ಯಾರದ್ದೋ ಬೇರೆ ಲೇಖನ. ವಿಷಯಸೂಚಿ ಪೂರ್ತಿ ನೋಡಿದ್ವಿ, ಆ ಹೆಸರಿನ ಲೇಖನವೇ ಇಲ್ಲ. ಆಗ ಅವನು ಪಟ್ಟಿಯನ್ನ ಒಂದು ಎಐ ಚಾಟ್‌ಬಾಟ್ ಹತ್ರ ಕೇಳಿ ತಗೊಂಡಿದ್ದೆ ಅಂದ. ಬೈಯೋಕೆ ಮನಸ್ಸಾಗಲಿಲ್ಲ, ಅವನು ಹುಡುಕೋಕಾದ್ರೂ ಬಂದಿದ್ದ, ಹಾಗೇ ಅಂಟಿಸಿ ಕೊಟ್ಟುಬಿಡಬಹುದಿತ್ತಲ್ಲ. ಅಲ್ಲಿಂದ ನಾಲ್ಕನೇ ಕ್ಲಾಸು ಪೂರ್ತಿ ಇದಕ್ಕೇ ಇಟ್ಟೆ, ಪ್ರತಿ ಉಲ್ಲೇಖಾನೂ ಒಮ್ಮೆ ತೆರೆದು ಕಣ್ಣಿಂದ ನೋಡಬೇಕು, ಡಿಓಐ ಇದ್ರೆ, ಅಂದ್ರೆ 10ರಿಂದ ಶುರುವಾಗೋ ಆ ಉದ್ದದ ನಂಬರು, ಅದನ್ನ ಹಾಕಿ ಅದೇ ಲೇಖನ ತೆರೆದುಕೊಳ್ಳುತ್ತಾ ನೋಡಬೇಕು. ಎಐಯನ್ನ ಪದ ಪಟ್ಟಿ ಮಾಡೋಕೆ ಬಳಸಿ, ಚೆನ್ನಾಗಿ ಕೊಡುತ್ತೆ, ಉಲ್ಲೇಖಕ್ಕೆ ಅದರ ಮಾತು ನೆಚ್ಚಿಕೊಳ್ಳಬೇಡಿ.

ಇನ್ನೂ ಬಗೆಹರಿಯದೇ ಇರೋದು ದುಡ್ಡು ಕೇಳೋ ಲೇಖನಗಳದ್ದು. ಸಾರಾಂಶ ಮಾತ್ರ ಕಾಣುತ್ತೆ, ಮಕ್ಕಳು ಅದನ್ನೇ ಓದಿ ಪೂರ್ತಿ ಓದಿದ ಹಾಗೆ ಬರೀತಾರೆ. ಲೇಖಕರೇ ಎಷ್ಟೋ ಸಲ ಫ್ರೀ ಕಾಪಿ ಇಟ್ಟಿರ್ತಾರೆ, ಗೂಗಲ್ ಸ್ಕಾಲರಲ್ಲಿ ಎಲ್ಲಾ ಆವೃತ್ತಿ ಅನ್ನೋದನ್ನ ಒತ್ತಿ ನೋಡಿ, ಸಿಗದಿದ್ರೆ ಲೇಖಕರಿಗೆ ಎರಡು ಸಾಲು ಮೇಲ್ ಬರೀರಿ, ಅದೂ ಆಗದಿದ್ರೆ ನನ್ನ ಹತ್ರ ಬನ್ನಿ, ಬೇರೆ ಲೈಬ್ರರಿಯಿಂದ ತರಿಸೋಣ ಅಂತ ಹೇಳ್ತೀನಿ. ಆ ಎಕ್ಸೆಸ್ ಮಾರ್ಟಾಲಿಟಿ ಹುಡುಗಿ ಹಾಗೆ ಒಬ್ಬರಿಗೆ ಮೇಲ್ ಮಾಡಿದ್ಲು. ಮೂರನೇ ದಿನ ಪಿಡಿಎಫ್ ಬಂತು, ಅದನ್ನ ತೋರಿಸೋಕೆ ಓಡಿಕೊಂಡು ಕೌಂಟರ್ ಹತ್ರ ಬಂದ್ಲು.