ಗೋಡೆಯ ಬುಡ ಮೊದಲು, ಹಾವಿನ ಮಾತು ಆಮೇಲೆ

ಮಿರಗ ಮಳೆ ಶುರುವಾಯಿತು ಅಂದರೆ ನಮ್ಮ ಕಟ್ಟೆಯ ಮೇಲೆ ಜನ ಜಾಸ್ತಿ. ನಾನು ಡಾಕ್ಟರ್ ಅಲ್ಲ, ಇಂಜಿನಿಯರೂ ಅಲ್ಲ. ಯಾದಗಿರಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ಮುತ್ಯಾ, ಅಷ್ಟೇ. ಆದರೂ ಬಂದು ಕೇಳುತ್ತಾರೆ. ‘ಮುತ್ಯಾ, ಮನೆಯೊಳಗೆ ಹಾವು ಬರ್ತಾ ಇದೆ, ಏನು ಸಿಂಪಡಿಸಬೇಕು?’ ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ನಿಮ್ಮ ಹಿತ್ತಲ ಗೋಡೆಗೆ ಏನು ಆನಿಸಿಟ್ಟಿದ್ದೀರಿ?

ಹತ್ತರಲ್ಲಿ ಎಂಟು ಮನೆಯವರ ಉತ್ತರ ತೊಗರಿ ಕಟ್ಟಿಗೆ. ನಮ್ಮ ಕಡೆ ಬೇರೆ ಏನಿರುತ್ತದೆ ಹೇಳಿ. ರಾಶಿ ಮುಗಿದ ಮೇಲೆ ಕಟ್ಟಿಗೆ ತಂದು ಗೋಡೆಗೆ ಒಟ್ಟುತ್ತೇವೆ, ಅದರ ಪಕ್ಕದಲ್ಲೇ ಕುಳ್ಳು, ಅದರ ಮೇಲೊಂದು ಹರಿದ ತಾಡಪತ್ರಿ. ಕಟ್ಟಿಗೆಯಲ್ಲಿ ಅಲ್ಲೊಂದು ಇಲ್ಲೊಂದು ತೊಗರಿ ಕಾಯಿ ಉಳಿದೇ ಇರುತ್ತದೆ, ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಮಳೆ ಬಿದ್ದು ಬಿಲದಲ್ಲಿ ನೀರು ತುಂಬಿದ ದಿನ ಆ ಹಾವು ಒಣ ಜಾಗ ಹುಡುಕಿಕೊಂಡು ನಿಮ್ಮ ಅಡುಗೆಮನೆಗೆ ಬರುತ್ತದೆ. ಇದರಲ್ಲಿ ಹಾವಿನ ತಪ್ಪೇನಿದೆ? ಕಟ್ಟಿಗೆಯನ್ನು ಮನೆಯಿಂದ ಹದಿನೈದು ಹೆಜ್ಜೆ ದೂರ ಒಟ್ಟಿ. ನೆಲದ ಮೇಲೆ ಬೇಡ, ಕೆಳಗೆ ನಾಲ್ಕು ಕಲ್ಲಿಟ್ಟು ಗೇಣೆತ್ತರ ಎತ್ತಿಡಿ. ಗೋಡೆಯ ಬುಡ ಸುತ್ತಲೂ ಕಣ್ಣಿಗೆ ಕಾಣುವ ಹಾಗೆ ಖಾಲಿ ಇರಬೇಕು.

ಫಿನಾಯಿಲ್, ಬೆಳ್ಳುಳ್ಳಿ ನೀರು, ಇನ್ನೊಂದು ಮತ್ತೊಂದು ಪುಡಿ, ಇವಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಎರಡು ದಿನ ವಾಸನೆ ಇರುತ್ತದೆ, ಹಾವು ಅದರ ಮೇಲೇ ದಾಟಿ ಬರುತ್ತದೆ. ಅದೇ ದುಡ್ಡಿಗೆ ಬಚ್ಚಲ ತೂಬಿಗೆ ಒಂದು ಜಾಳಿಗೆ ಹಾಕಿಸಿ. ಬಾಗಿಲ ಕೆಳಗೆ ಹೆಬ್ಬೆರಳು ಹೋಗುವಷ್ಟು ಸಂದಿ ಇದ್ದರೆ ಒಂದು ರಬ್ಬರ್ ಪಟ್ಟಿ ಹೊಡೆಸಿ. ಕೋಳಿ ಕಾಯಲು ಹಿತ್ತಲಿಗೆ ಹಳೆಯ ಮೀನು ಬಲೆ ಕಟ್ಟುತ್ತಾರಲ್ಲ, ಅದನ್ನೂ ಬಿಡಿಸಿ. ಪಾಪ, ಕೇರೆ ಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತದೆ. ಇಲಿ ತಿನ್ನುವ ಕೇರೆಯನ್ನು ಕೊಂದವನು ತನ್ನ ತೊಗರಿ ಚೀಲವನ್ನು ತಾನೇ ಕಾಯಬೇಕು.

ನಾವು ಹೆದರಬೇಕಾದ್ದು ಮುಖ್ಯವಾಗಿ ನಾಲ್ಕಕ್ಕೆ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಇದರಲ್ಲಿ ನನಗೆ ಜಾಸ್ತಿ ಭಯ ಕಟ್ಟು ಹಾವಿನದು. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರ ಚಾದರದೊಳಗೇ ಬಂದುಬಿಡುತ್ತದೆ. ಕಡಿದರೆ ಹೆಚ್ಚು ನೋವಿಲ್ಲ, ಊತವೂ ಇಲ್ಲ. ಸೊಳ್ಳೆಯೋ ಇರುವೆಯೋ ಅಂದುಕೊಂಡು ಮತ್ತೆ ಮಲಗುತ್ತಾರೆ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ಕಣ್ಣೆವೆ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ಅದಕ್ಕೇ ಮಳೆಗಾಲದಲ್ಲಿ ಹೊರಸಿನ ಮೇಲೆ ಮಲಗಿ. ಹೊರಸು ಇಲ್ಲವಾದರೆ ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ.

ಕಡಿದರೆ ಏನು? ಕೊಯ್ಯಬೇಡಿ, ಬಾಯಿಟ್ಟು ಎಳೆಯಬೇಡಿ, ಹಗ್ಗ ಬಿಗಿದು ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ. ಮನುಷ್ಯನನ್ನು ನಡೆಸದೆ, ಕಡಿದ ಕೈಕಾಲು ಅಲುಗಾಡದ ಹಾಗೆ ಮಲಗಿಸಿಕೊಂಡು 108ಕ್ಕೆ ಹೇಳಿ ಸರಕಾರಿ ದವಾಖಾನೆಗೆ ಒಯ್ಯಿರಿ. ಈ ನಾಲ್ಕೂ ಹಾವಿಗೆ ಒಂದೇ ಇಂಜೆಕ್ಷನ್, ಹಾಗಾಗಿ ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಹೋಗುವ ಸಾಹಸ ಬೇಡ. ಮಂತ್ರ ಹಾಕುವವರ ಹತ್ತಿರ ಒಂದು ತಾಸು ಕಳೆದು ಆಮೇಲೆ ದವಾಖಾನೆಗೆ ಹೋದವರನ್ನು ನಾನು ಕಂಡಿದ್ದೇನೆ. ಎಲ್ಲರೂ ವಾಪಸ್ ಬರಲಿಲ್ಲ.

ಚೇಳಿನ ವಿಷಯ ಬೇಗ ಮುಗಿಸುತ್ತೇನೆ. ಚಪ್ಪಲಿ ಝಾಡಿಸಿ ಹಾಕಿಕೊಳ್ಳಿ, ಕುಳ್ಳು ತೆಗೆಯುವಾಗ ಬರಿಗೈ ಹಾಕಬೇಡಿ. ಕೆಂಪು ಚೇಳು ಕಡಿದ ಮಗು ಬೆವೆತು ವಾಂತಿ ಮಾಡಿಕೊಂಡರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ನೇರ ದವಾಖಾನೆ. ಮೊಮ್ಮಗ ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಸಣ್ಣ ಬ್ಯಾಟರಿ ತಂದಿದ್ದ. ರಾತ್ರಿ ಹಿತ್ತಲಲ್ಲಿ ಹಿಡಿದು ತೋರಿಸಿದ, ಕಲ್ಲ ಸಂದಿಯಲ್ಲಿದ್ದ ಚೇಳು ಹಸಿರಾಗಿ ಹೊಳೆಯಿತು. ಇಷ್ಟು ವರ್ಷ ಬದುಕಿ ನನಗೆ ಇದು ಗೊತ್ತೇ ಇರಲಿಲ್ಲ ನೋಡಿ!

ಇನ್ನು ಮಾಳಿಗೆ. ಮಣ್ಣಿನ ಮಾಳಿಗೆ ಉಳಿಸಿಕೊಂಡವರು ಈಗ ಕಡಿಮೆ. ಇದ್ದವರೂ ಸೋರಿದ ಕೂಡಲೇ ಹೊಸ ಮಣ್ಣು ಸುರಿಯುತ್ತಾರೆ. ತಪ್ಪು ಅಲ್ಲೇ. ವರ್ಷಾ ವರ್ಷಾ ಮಣ್ಣಿನ ಮೇಲೆ ಮಣ್ಣು ಹಾಕಿದರೆ ತೊಲೆಗೆ ಭಾರ, ಮಳೆ ನೀರು ಕುಡಿದ ಮೇಲೆ ಇನ್ನೂ ಭಾರ, ಒಂದು ರಾತ್ರಿ ಎಲ್ಲಾ ಕೆಳಗೆ. ಮೊದಲು ಹಳೆಯದನ್ನು ಕೆರೆದು ಇಳಿಸಿ. ಆಮೇಲೆ ಸವಳು ಮಣ್ಣು ಹಾಕಿ ತುಳಿಯಿರಿ. ಸವಳು ಮಣ್ಣು ನೀರು ತಾಗಿದರೆ ಕರಗಿ ಸಂದಿ ಮುಚ್ಚಿಕೊಳ್ಳುತ್ತದೆ, ಅದರಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಹೊಲದಲ್ಲಿ ಬೇಕಾದಷ್ಟು ಸಿಗುತ್ತದೆ ಅಂತ ಎರೆ ಮಣ್ಣು ಹಾಕಬೇಡಿ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ ಅಂತ ನಿಮಗೇ ಗೊತ್ತಲ್ವಾ, ಮಾಳಿಗೆಯ ಮೇಲೂ ಹಾಗೇ ಬಿಡುತ್ತದೆ. ಸ್ಲ್ಯಾಬಿನ ಮನೆಯವರಿಗೆ ಸೋರುವುದಕ್ಕಿಂತ ಕಾವಿನದೇ ಚಿಂತೆ. ಮಾರ್ಚ್‌ನಲ್ಲೇ ಮೇಲೆ ಎರಡು ಕೈ ಸುಣ್ಣ ಬಳಿಯಿರಿ, ಹಿಡಿದುಕೊಳ್ಳಲು ಸ್ವಲ್ಪ ಫೆವಿಕಾಲ್ ಬೆರೆಸಿ. ಬಿಳಿ ಮಾಳಿಗೆಯ ಕೆಳಗೆ ಮಧ್ಯಾಹ್ನ ಮಲಗಿ ನೋಡಿ, ನನ್ನ ಮಾತು ನೆನಪಾಗುತ್ತದೆ.

ಮೀನಿಗೆ ಬರೋಣ, ಹುಡುಗರು ಅದಕ್ಕೇ ಕಾಯುತ್ತಾ ಇರುತ್ತಾರೆ. ಮೊನ್ನೆ ಒಬ್ಬ ಹುಡುಗ ಬೆಳಗಿನಿಂದ ಸಂಜೆವರೆಗೆ ಭೀಮಾ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂತು ಬರಿಗೈಯಲ್ಲಿ ಬಂದ. ಗಾಳಕ್ಕೆ ಏನು ಸಿಕ್ಕಿಸಿದ್ದೆ ಅಂದೆ. ಜೋಳದ ಹಿಟ್ಟು ಅಂದ. ಅಲ್ಲಪ್ಪ, ರೊಟ್ಟಿ ತಟ್ಟುವಾಗ ನಿಮ್ಮ ಅವ್ವ ಬಿಸಿನೀರು ಯಾಕೆ ಹಾಕುತ್ತಾಳೆ? ಜೋಳದ ಹಿಟ್ಟಿಗೆ ಜಿಗಿ ಇಲ್ಲ. ನೀರಿಗೆ ಬಿದ್ದ ತಕ್ಷಣ ಕರಗಿ ಹೋಗುತ್ತದೆ, ಮೀನು ಹಿಟ್ಟು ತಿಂದು ಗಾಳ ಬಿಟ್ಟು ಹೋಗುತ್ತದೆ. ಗೋಧಿ ಹಿಟ್ಟು ಕಲಸಿ, ಅದಕ್ಕೆ ಶೇಂಗಾ ಹಿಂಡಿ ಪುಡಿ ಸೇರಿಸಿ ಚೆನ್ನಾಗಿ ನಾದಿ, ಅರ್ಧ ತಾಸು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ರೋಹುಗೆ ಹಿಂಡಿಯ ವಾಸನೆ ಅಂದರೆ ಜೀವ. ತಳದಲ್ಲಿ ಮೇಯುವ ಮೃಗಾಲ್‌ಗೆ ಗಾಳ ಇನ್ನೂ ಕೆಳಗೆ ಇಳಿಯಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಕೂರುವುದು ದಂಡ, ಹೊತ್ತು ಮೂಡುವಾಗ ಇಲ್ಲವೇ ಮುಳುಗುವಾಗ ಹೋಗಿ. ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ, ಮರಿ ಬಿಟ್ಟು ಸಾಕುವವರು ಅವರು.

ಕೊರಮೀನು ಹಿಡಿಯುವವರಿಗೆ ಇನ್ನೊಂದು ಮಾತು. ನೀರಿನ ಮೇಲೆ ಕೆಂಪಗೆ ಸಣ್ಣ ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಅದರ ಕೆಳಗೆ ತಾಯಿ ತಂದೆ ಕಾವಲಿಗೆ ಇರುತ್ತವೆ. ಆಗ ಹಿಡಿಯುವುದು ಸುಲಭ, ಬಿಡುವುದೇ ಸರಿ. ದೊಡ್ಡದನ್ನು ಎತ್ತಿದರೆ ಅಷ್ಟೂ ಮರಿ ಬೇರೆ ಮೀನಿನ ಪಾಲು. ಬಲೆಯಲ್ಲಿ ಚೇಳು ಮೀನು ಬಂದರೆ ಅವಸರ ಬೇಡ. ಅದರ ಪಕ್ಕದ ಮುಳ್ಳು ನನಗೆ ಒಮ್ಮೆ ಹೆಬ್ಬೆರಳಿಗೆ ಚುಚ್ಚಿ ರಾತ್ರಿಯೆಲ್ಲಾ ಅಳುವ ಹಾಗಾಗಿತ್ತು. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅರ್ಧ ತಾಸು ಇಟ್ಟರೆ ನೋವು ಇಳಿಯುತ್ತದೆ. ಕುದಿಯುವ ನೀರಲ್ಲ, ಮತ್ತೆ ಬೊಬ್ಬೆ ಬಂತು ಅಂತ ನನ್ನನ್ನು ಬೈಯಬೇಡಿ.

ಕೃಷಿ ಹೊಂಡದಲ್ಲಿ ಮೀನು ಸಾಕಿದವರ ಪ್ರಶ್ನೆ ಒಂದೇ, ಮುಂಜಾನೆ ಎಲ್ಲಾ ಮೇಲೆ ಬಂದು ಬಾಯಿ ಬಿಡುತ್ತವೆ ಯಾಕೆ? ಉಸಿರು ಸಾಲುತ್ತಿಲ್ಲ. ರಾತ್ರಿಯೆಲ್ಲಾ ಪಾಚಿಯೂ ಉಸಿರಾಡಿ ನೀರಿನ ಗಾಳಿ ಖಾಲಿ ಮಾಡಿರುತ್ತದೆ, ಮೋಡ ಕವಿದ ದಿನ ಇನ್ನೂ ಕಷ್ಟ. ಆ ದಿನ ತಿನ್ನಲು ಹಾಕಬೇಡಿ. ಮೋಟರ್ ಹಚ್ಚಿ ಹೊಸ ನೀರನ್ನು ಎತ್ತರದಿಂದ ಬೀಳಿಸಿ. ಮತ್ತೆ ಹೊಂಡದ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದರೆ ಈಜು ಬಂದವನಿಗೂ ಹತ್ತಿ ಬರಲು ಆಗುವುದಿಲ್ಲ.

ಕೃಷ್ಣಾ ದಂಡೆಯವರು ಮೊಸಳೆ ಮರೆಯಬೇಡಿ. ಚಳಿಗಾಲದ ಮುಂಜಾನೆ ಅವು ದಂಡೆಯ ಮೇಲೆ ಬಿಸಿಲು ಕಾಯಿಸುತ್ತವೆ, ಬೇಸಿಗೆ ಬರುವ ಹೊತ್ತಿಗೆ ದಂಡೆಯ ಮಣ್ಣಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಕಾಯುತ್ತವೆ. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಬಟ್ಟೆ ಒಗೆಯಲು ಕೂರಬೇಡಿ. ಮೀನಿನ ಕರುಳನ್ನು ಅಲ್ಲೇ ನೀರಿಗೆ ಎಸೆದು ಕರೆಯಲೂಬೇಡಿ. ಬೀದರ್ ಕಡೆಯ ಬೀಗರು ಹೊಲದಲ್ಲಿ ಒಂಟಿ ಚಿಗರಿ ಮರಿ ಸಿಕ್ಕಿತು, ಹಾಲು ಕುಡಿಸಲೇ ಅಂತ ಫೋನ್ ಮಾಡಿದ್ದರು. ಬಿಟ್ಟು ಬನ್ನಿ ಅಂದೆ. ತಾಯಿ ಮರಿಯನ್ನು ಹುಲ್ಲಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ, ನೀವು ನಿಂತಿರುವ ತನಕ ಅದು ಬರುವುದಿಲ್ಲ.

ಹಿಡಿದ ಮೀನು ಮನೆಗೆ ಬಂತು. ಕೆರೆ ಮೀನಿಗೆ ಕೆಸರಿನ ವಾಸನೆ ಅಂತ ಮೂಗು ಮುರಿಯುತ್ತಾರೆ. ಹುಳಿ ಬಿದ್ದರೆ ಆ ವಾಸನೆ ಕಡಿಮೆಯಾಗುತ್ತದೆ. ತುಂಡು ಮಾಡಿ, ಒಳಗಿನ ಕಪ್ಪು ಪೊರೆ ಉಜ್ಜಿ ತೆಗೆದು, ಉಪ್ಪು ಅರಿಶಿನ ಹಚ್ಚಿ, ಹುಣಸೆ ನೀರಿನಲ್ಲಿ ಹತ್ತು ನಿಮಿಷ ಇಡಿ. ಆದರೆ ನೆಲಕ್ಕೆ ಹಾಸಿದ ಶಹಾಬಾದ ಪರಸಿ ಕಲ್ಲಿನ ಮೇಲೆ ಆ ಕೆಲಸ ಮಾಡಬೇಡಿ. ಅದು ಸುಣ್ಣದ ಕಲ್ಲು, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಇದು ನನಗೆ ತಿಳಿದದ್ದು ತಡವಾಗಿ. ಮಗಳ ಮದುವೆಗೆ ಮೊದಲು ಪಡಸಾಲೆ ಫಳಫಳ ಅನ್ನಲಿ ಅಂತ, ಅಂಗಡಿಯವನ ಮಾತು ಕೇಳಿ, ಪಾಯಿಖಾನೆ ತೊಳೆಯುವ ಆಸಿಡ್ ಸುರಿದೆ. ಬುಸ್ ಅಂತ ನೊರೆ ಬಂತು. ಕೊಳೆ ಹೋಗುತ್ತಿದೆ ಅಂದುಕೊಂಡು ಖುಷಿಯಾಗಿ ಇನ್ನಷ್ಟು ಸುರಿದೆ. ಒಣಗಿದ ಮೇಲೆ ನೋಡಿದರೆ ಬಾಗಿಲಿನಿಂದ ಕಂಬದ ತನಕ ಬೂದಿ ಬಣ್ಣದ ಮಚ್ಚೆ, ಕೈಯಾಡಿಸಿದರೆ ಮರಳಿನ ಹಾಗೆ ಒರಟು. ಮಷೀನ್ ಹಾಕಿ ಮತ್ತೆ ಪಾಲಿಶ್ ಮಾಡಿಸದೆ ಅದು ಹೋಗುವುದಿಲ್ಲ. ಮದುವೆ ಖರ್ಚಿನಲ್ಲಿ ಮಷೀನ್ ಎಲ್ಲಿ ಬಂತು? ಜಮಖಾನ ಹಾಸಿ ಮುಚ್ಚಿದೆವು. ನೆಲಕ್ಕೆ ಬರೀ ನೀರು, ಹೆಚ್ಚೆಂದರೆ ಬಟ್ಟೆ ಸೋಪಿನ ನೀರು ಸಾಕು. ಆ ಮಚ್ಚೆ ಇವತ್ತಿಗೂ ಇದೆ, ನಮ್ಮ ಮನೆಯಾಕೆ ಬಂದವರಿಗೆಲ್ಲಾ ಜಮಖಾನ ಸರಿಸಿ ತೋರಿಸುತ್ತಾಳೆ.